ತುರ್ತಿಗೆ ಯಾರನ್ನು ಕರೆಯಬೇಕು?



ಕಳೆದ ವರ್ಷ ನಮ್ಮ ಆಫೀಸಿಗೆ ಸೇರಿದ ಹುಡುಗನೊಬ್ಬ ಅರ್ಜಿಯಲ್ಲಿ ‘ತುರ್ತಿಗೆ ಸಂಪರ್ಕಿಸಬೇಕಾದವರು’ ಎಂಬ ಜಾಗ ಖಾಲಿ ಬಿಟ್ಟಿದ್ದ. ವಿಚಾರಿಸಿದರೆ, “ಅಮ್ಮನ ಹೆಸರು ಬರೀಬಹುದಾ ಸಾರ್? ಹೆತ್ತವರಲ್ಲ, ಸಾಕಿದವರು” ಅಂದ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಎಸ್‌ಒಎಸ್ ಮಕ್ಕಳ ಗ್ರಾಮದಲ್ಲಿ ಬೆಳೆದವನು.

1949ರಲ್ಲಿ ಆಸ್ಟ್ರಿಯಾದ ಇಮ್ಸ್ಟ್ ಎಂಬಲ್ಲಿ ಹರ್ಮನ್ ಗ್ಮೈನರ್ ಶುರುಮಾಡಿದ ಪದ್ಧತಿ ಅದು. ಎಲ್ಲ ಮಕ್ಕಳಿಗೂ ಒಂದೇ ದೊಡ್ಡ ಹಾಲ್ ಅಲ್ಲ. ಸಣ್ಣ ಸಣ್ಣ ಮನೆಗಳು, ಮನೆಗೊಬ್ಬರು ತಾಯಿ, ಅವರದೇ ಅಡುಗೆಮನೆ. ಒಡಹುಟ್ಟಿದವರು ಬಂದರೆ ಒಂದೇ ಮನೆಯಲ್ಲಿ. ಅವನಿಗೆ ಸಾರು ಮಾಡಲು ಬರುತ್ತದೆ, ನನಗೆ ಇವತ್ತಿಗೂ ಬರಲ್ಲ!

ಆದರೆ 18 ತುಂಬಿದ ಮೇಲೆ? ಬಾಲನ್ಯಾಯ ಕಾಯ್ದೆಯಲ್ಲಿ 21ರವರೆಗೆ ಅನುಪಾಲನೆಗೆ ಅವಕಾಶವಿದೆ. ಹಣವೂ ಸಿಕ್ಕೀತು. ಬಾಡಿಗೆ ಮನೆಯವರು “ದೊಡ್ಡವರನ್ನ ಕರ್ಕೊಂಡು ಬಾ” ಅಂದರೆ ಯಾರು ಹೋಗಬೇಕು? ನಾನು ಹೋದೆ. ಮಾಡಿದ್ದು ಅಷ್ಟೇ.

ನಾನು ಬಿಇ ಸೇರಿದ ದಿನ ನಮ್ಮಪ್ಪ ಸೋಮನಾಥಪುರದಿಂದ ಬಸ್ಸಲ್ಲಿ ಬಂದು ಹಾಸ್ಟೆಲ್ ಮುಂದೆ ಸಂಜೆವರೆಗೂ ಸುಮ್ಮನೆ ಕೂತಿದ್ದರು. ಆಗ ನನಗೆ ನಾಚಿಕೆಯಾಗಿತ್ತು.

ಅಜ್ಜಿ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಇದ್ದುಕೊಂಡು ಓದುವ ಮಕ್ಕಳು ನಮ್ಮ ಶಾಲೆಗೂ ಬರುತ್ತಾರೆ. ಅವರಲ್ಲಿ ಯಾರೇ ಬೆಂಗಳೂರಿಗೆ ಬಂದರೂ ಆ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆಯಲಿ. ನಂಬರ್ ಹೆಡ್‌ಮಾಸ್ಟರ್ ಹತ್ತಿರ ಕೊಟ್ಟಿದ್ದೇನೆ.