ಹದಿನೆಂಟರ ಪ್ರತಿಭೆಯನ್ನು ಅಳೆಯುವುದು ಹೇಗೆ?



ಆಸ್ಟ್ರೇಲಿಯಾದ ಅನೇಕ ಮನೆಗಳಲ್ಲಿ ನವೆಂಬರ್ ತಿಂಗಳ ಒಂದು ಸಂಜೆ ಬಹಳ ಆತಂಕದಿಂದ ಕಳೆಯುತ್ತದೆ. ಶಾಲೆಯ ಕೊನೆಯ ವರ್ಷವನ್ನು ಆಗಷ್ಟೇ ಮುಗಿಸಿದ ಹುಡುಗ, ಅವನ ತಂದೆ ತಾಯಿ, ಅಜ್ಜಿ, ಗೆಳೆಯರು ಎಲ್ಲರೂ ಟಿ.ವಿ.ಯ ಮುಂದೆ ಕುಳಿತಿರುತ್ತಾರೆ. ಅಲ್ಲಿ ಒಂದೊಂದೇ ಹೆಸರನ್ನು ಓದಲಾಗುತ್ತದೆ. ತನ್ನ ಹೆಸರು ಬಂದರೆ ಅವನು ಆ ಕ್ಷಣದಿಂದ ವೃತ್ತಿಪರ ಆಟಗಾರ. ಬಾರದಿದ್ದರೆ ಹತ್ತು ವರ್ಷಗಳಿಂದ ಕಂಡ ಕನಸಿಗೆ ಬೇರೆ ದಾರಿ ಹುಡುಕಬೇಕು. ಈ ವ್ಯವಸ್ಥೆಗೆ ‘ಡ್ರಾಫ್ಟ್’ ಎಂದು ಹೆಸರು. ಅದು ಹೇಗೆ ನಡೆಯುತ್ತದೆ, ಎಲ್ಲಿ ಸರಿಹೋಗುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಇಂದು ನೋಡೋಣ.

ಮೊದಲು ಆಟದ ಪರಿಚಯ. ‘ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್’ ನಾವು ಕಾಣುವ ಕಾಲ್ಚೆಂಡಾಟವಲ್ಲ. ಇದರ ನಿಯಮಗಳನ್ನು 1859ರಲ್ಲಿ ಮೆಲ್ಬರ್ನ್ ನಗರದಲ್ಲಿ ಬರೆಯಲಾಯಿತು. ಅಂಡಾಕಾರದ ದೊಡ್ಡ ಮೈದಾನ; ಚೆಂಡೂ ಅಂಡಾಕಾರವೇ. ಒಂದೊಂದು ತಂಡದಿಂದ 18 ಜನ ಕಣದಲ್ಲಿರುತ್ತಾರೆ. ಚೆಂಡನ್ನು ಒದೆಯಬಹುದು, ಹಿಡಿಯಬಹುದು, ಅಂಗೈಯ ಮೇಲಿಟ್ಟು ಮುಷ್ಟಿಯಿಂದ ಹೊಡೆದು ಜೊತೆಗಾರನಿಗೆ ದಾಟಿಸಬಹುದು, ಆದರೆ ಎಸೆಯುವಂತಿಲ್ಲ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳಿರುತ್ತವೆ. ನಡುವಿನ ಎರಡು ಕಂಬಗಳ ನಡುವೆ ಒದ್ದರೆ ಗೋಲು, 6 ಅಂಕ. ಪಕ್ಕದ ಕಂಬದ ಸಂದಿನಲ್ಲಿ ಹೋದರೆ 1 ಅಂಕ ಮಾತ್ರ. ನಮ್ಮ ಕ್ರಿಕೆಟಿಗರು ಟೆಸ್ಟ್ ಆಡುವ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿಯೇ, ಚಳಿಗಾಲ ಬಂತೆಂದರೆ, ಈ ಆಟ ನಡೆಯುತ್ತದೆ.

ಇನ್ನು ಡ್ರಾಫ್ಟ್ ಏಕೆ ಬಂತು? ವಿಕ್ಟೋರಿಯಾ ರಾಜ್ಯದ ಲೀಗ್ 1897ರಲ್ಲಿ ಆರಂಭವಾಯಿತು. ಮುಂದೆ ಒಂದೊಂದು ಕ್ಲಬ್ಬಿಗೂ ಒಂದೊಂದು ಪ್ರದೇಶವನ್ನು ಹಂಚಿಕೊಡಲಾಯಿತು. ಆ ಪ್ರದೇಶದಲ್ಲಿ ಬೆಳೆದ ಹುಡುಗ ಆ ಕ್ಲಬ್ಬಿನ ಪಾಲು. ಒಳ್ಳೆಯ ಪ್ರದೇಶ ಸಿಕ್ಕ ಕ್ಲಬ್ಬಿಗೆ ಒಳ್ಳೆಯ ಆಟಗಾರರು ದೊರೆತರು. ಹಣವುಳ್ಳ ಕ್ಲಬ್ಬುಗಳು ಬೇರೆ ರಾಜ್ಯಗಳಿಂದಲೂ ಆಟಗಾರರನ್ನು ಕರೆತಂದವು. ಗೆಲ್ಲುವವರು ಗೆಲ್ಲುತ್ತಲೇ ಹೋದರೆ, ಸೋಲುವವರ ಆಟವನ್ನು ನೋಡಲು ಯಾರು ಬರುತ್ತಾರೆ? 1980ರ ದಶಕದಲ್ಲಿ ಹಲವು ಕ್ಲಬ್ಬುಗಳು ಹಣಕಾಸಿನ ಕಷ್ಟಕ್ಕೆ ಸಿಲುಕಿದವು. ಲೀಗ್ ಇತರ ರಾಜ್ಯಗಳಿಗೂ ಹಬ್ಬತೊಡಗಿತು. ಆಗ, 1986ರಲ್ಲಿ, ಮೊದಲ ರಾಷ್ಟ್ರೀಯ ಡ್ರಾಫ್ಟ್ ನಡೆಯಿತು. 1990ರಲ್ಲಿ ಲೀಗಿನ ಹೆಸರೇ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂದಾಯಿತು.

ಐ.ಪಿ.ಎಲ್. ಕ್ರಿಕೆಟ್ಟಿನ ಹರಾಜನ್ನು ನೀವು ನೋಡಿದ್ದೀರಿ. ಅಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ. ಡ್ರಾಫ್ಟಿನಲ್ಲಿ ಹಣದ ಕೂಗು ಇಲ್ಲ, ಸರದಿ ಇದೆ. ಅದೂ ತಲೆಕೆಳಗಾದ ಸರದಿ. ಆ ವರ್ಷ ಅಂಕಪಟ್ಟಿಯಲ್ಲಿ ಕೊನೆಗೆ ನಿಂತ ತಂಡಕ್ಕೆ ಮೊದಲ ಆಯ್ಕೆ. ಚಾಂಪಿಯನ್ ತಂಡಕ್ಕೆ ಆ ಸುತ್ತಿನ ಕೊನೆಯ ಆಯ್ಕೆ. ದುರ್ಬಲರನ್ನು ಮೇಲೆತ್ತುವುದು ಇದರ ಉದ್ದೇಶ. ತಂಡಗಳು ತಮ್ಮ ಸರದಿಯನ್ನು ಪರಸ್ಪರ ಬದಲಾಯಿಸಿಕೊಳ್ಳಲೂಬಹುದು. ಆದರೆ ಹುಡುಗನಿಗೆ ಮಾತ್ರ ತಂಡವನ್ನು ಆರಿಸಿಕೊಳ್ಳುವ ಅವಕಾಶವಿಲ್ಲ. ಪರ್ತ್ ನಗರದ ಹುಡುಗ ಸುಮಾರು 2,700 ಕಿಲೋಮೀಟರ್ ದೂರದ ಮೆಲ್ಬರ್ನಿಗೆ ಹೋಗಬೇಕಾಗಿ ಬರಬಹುದು. ತಂಡಗಳಿಗೆ ನ್ಯಾಯ ಒದಗಿಸುವ ಭಾರವನ್ನು ಹೀಗೆ ಆಟಗಾರ ಹೊರುತ್ತಾನೆ.

ಹಾಗಾದರೆ ಆಯ್ಕೆಗಾರರು ಏನನ್ನು ನೋಡುತ್ತಾರೆ? ಡ್ರಾಫ್ಟಿಗೆ ಬರುವವನಿಗೆ ಆ ವರ್ಷದ ಡಿಸೆಂಬರ್ 31ರೊಳಗೆ 18 ವರ್ಷ ತುಂಬಬೇಕು. ರಾಜ್ಯ ರಾಜ್ಯಗಳ ನಡುವೆ 18ರೊಳಗಿನವರ ಪಂದ್ಯಾವಳಿ ನಡೆಯುತ್ತದೆ. ಕ್ಲಬ್ಬಿನ ಆಯ್ಕೆಗಾರರು ಮಳೆ ಬಿಸಿಲು ಎನ್ನದೆ ಈ ಪಂದ್ಯಗಳನ್ನು ನೋಡಿ ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಆಮೇಲೆ ಆಯ್ದ ಹುಡುಗರನ್ನು ಕರೆಸಿ ಪರೀಕ್ಷೆಗೆ ಒಳಪಡಿಸುತ್ತಾರೆ. 20 ಮೀಟರ್ ಓಟ, ಮೇಲಕ್ಕೆ ನೆಗೆಯುವ ಪರೀಕ್ಷೆ, ಚುರುಕಾಗಿ ತಿರುಗಿ ಓಡುವ ಪರೀಕ್ಷೆ, 2 ಕಿಲೋಮೀಟರ್ ಓಟ. ಎತ್ತರ, ತೂಕ, ತೋಳಿನ ಉದ್ದ ಎಲ್ಲದರ ಅಳತೆ. ವೈದ್ಯರ ತಪಾಸಣೆ. ಕೊನೆಗೆ ಸಂದರ್ಶನ.

ಇಷ್ಟೆಲ್ಲ ಅಳೆದ ಮೇಲೆ ತಪ್ಪಾಗುವ ಸಂಭವವೆಲ್ಲಿ ಎಂದು ನೀವು ಕೇಳಬಹುದು. ತಪ್ಪಾಗುತ್ತದೆ. ಏಕೆಂದರೆ ಅಳೆಯುವುದು ಇಂದಿನ ಹುಡುಗನನ್ನು; ಬೇಕಾಗಿರುವುದು ಇನ್ನು ಐದಾರು ವರ್ಷಗಳ ಅನಂತರದ ಆಟಗಾರ.

2001ರ ಡ್ರಾಫ್ಟನ್ನೇ ನೋಡಿ. ಆ ವರ್ಷ ಕೊನೆಯ ಸ್ಥಾನ ಫ್ರೀಮ್ಯಾಂಟಲ್ ತಂಡದ್ದು. ಅದು ತನ್ನ 1, 20 ಮತ್ತು 36ನೆಯ ಆಯ್ಕೆಗಳನ್ನು ಹಾಥಾರ್ನ್ ತಂಡಕ್ಕೆ ಬಿಟ್ಟುಕೊಟ್ಟು, ಅಲ್ಲಿಂದ ಇಬ್ಬರು ಆಟಗಾರರನ್ನು ಪಡೆಯಿತು. ಹಾಥಾರ್ನ್ ಮೊದಲ ಆಯ್ಕೆಯಲ್ಲಿ ಲೂಕ್ ಹಾಜ್ ಅವರನ್ನು ಕರೆಯಿತು. ಮೂರನೆಯ ಆಯ್ಕೆಯಲ್ಲಿ ಕ್ರಿಸ್ ಜಡ್ ವೆಸ್ಟ್ ಕೋಸ್ಟ್ ತಂಡಕ್ಕೆ ಹೋದರು. ಋತುವಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನು ಜಡ್ 2004 ಮತ್ತು 2010ರಲ್ಲಿ ಗೆದ್ದರು. ಹಾಜ್ 2013, 2014, 2015ರಲ್ಲಿ ಸತತವಾಗಿ ಮೂರು ಸಲ ಚಾಂಪಿಯನ್ ತಂಡದ ನಾಯಕರಾದರು. ಇಲ್ಲಿಯವರೆಗೆ ಆಯ್ಕೆಗಾರರ ಲೆಕ್ಕ ಸರಿಯೇ. ಆದರೆ ಅದೇ ಡ್ರಾಫ್ಟಿನಲ್ಲಿ 36ನೆಯವರಾಗಿ ಬಂದವರು ಸ್ಯಾಮ್ ಮಿಚೆಲ್. ಅದರ ಹಿಂದಿನ ವರ್ಷ ಅವರನ್ನು ಯಾವ ತಂಡವೂ ಕರೆದಿರಲಿಲ್ಲ. ಓಟದ ವೇಗ ಅವರ ಬಲವಾಗಿರಲಿಲ್ಲ. ಎರಡು ಕಾಲಿನಿಂದಲೂ ನಿಖರವಾಗಿ ಒದೆಯುವ ಕೌಶಲವಿತ್ತು, ಆಟವನ್ನು ಮುಂದಾಗಿ ಗ್ರಹಿಸುವ ಬುದ್ಧಿಯಿತ್ತು. 2008ರಲ್ಲಿ ಹಾಥಾರ್ನ್ ಚಾಂಪಿಯನ್ ಆದಾಗ ನಾಯಕರು ಅವರೇ. ಅದೇ 2001ರಲ್ಲಿ 58ನೆಯ ಆಯ್ಕೆಯಾಗಿದ್ದ ಡೇನ್ ಸ್ವಾನ್ 2011ರಲ್ಲಿ ಬ್ರೌನ್‌ಲೋ ಪದಕ ಗೆದ್ದರು. ಇನ್ನೂ ಹಿಂದೆ, 1990ರಲ್ಲಿ, 79ನೆಯವರಾಗಿ ಎಸೆಂಡನ್ ಸೇರಿದ ಜೇಮ್ಸ್ ಹರ್ಡ್ 1996ರಲ್ಲಿ ಆ ಪದಕವನ್ನು ಹಂಚಿಕೊಂಡರು. ಅವರಿಗಿಂತ ಮೊದಲು 78 ಆಯ್ಕೆಗಳು ನಡೆದುಹೋಗಿದ್ದವು!

ಗಾಯದ ಲೆಕ್ಕಾಚಾರ ಇನ್ನೂ ಕಷ್ಟದ್ದು. ಜೋಯಲ್ ಸೆಲ್ವುಡ್ ಅವರಿಗೆ 2006ರಲ್ಲಿ ಮೊಣಕಾಲಿನ ತೊಂದರೆಯಿತ್ತು. ಆರು ಆಯ್ಕೆಗಳು ಕಳೆದ ಮೇಲೆ ಜೀಲಾಂಗ್ ತಂಡ ಅವರನ್ನು ಕರೆಯಿತು. ಅವರು 355 ಪಂದ್ಯಗಳನ್ನಾಡಿ, ನಾಲ್ಕು ಚಾಂಪಿಯನ್ ತಂಡಗಳಲ್ಲಿದ್ದು, 2022ರಲ್ಲಿ ನಾಯಕರಾಗಿಯೇ ಗೆದ್ದು ನಿವೃತ್ತರಾದರು.

ಇನ್ನೊಂದು ಕಡೆಯ ಕಥೆಯನ್ನೂ ಹೇಳಬೇಕು. 2008ರ ಮೊದಲ ಆಯ್ಕೆ ಜ್ಯಾಕ್ ವಾಟ್ಸ್. ಮೆಲ್ಬರ್ನ್ ತಂಡ ಅವರನ್ನು 2009ರ ಜೂನ್ ತಿಂಗಳಲ್ಲಿ ಭಾರೀ ಜನಸಂದಣಿಯ ಪಂದ್ಯದಲ್ಲಿ ಮೊದಲ ಬಾರಿಗೆ ಇಳಿಸಿತು. ಆಗ ಅವರಿನ್ನೂ ಶಾಲೆಯ ವಿದ್ಯಾರ್ಥಿ. ತಂಡ ಸೋಲುತ್ತಿತ್ತು, ಮುಂದಿನ ವರ್ಷಗಳಲ್ಲಿ ತರಬೇತುದಾರರು ಬದಲಾಗುತ್ತಾ ಹೋದರು. ‘ಮೊದಲನೆಯವನು’ ಎಂಬ ಹಣೆಪಟ್ಟಿ ಮಾತ್ರ ಅವರನ್ನು ಬಿಡಲಿಲ್ಲ. ಅವರು ಅನೇಕ ವರ್ಷ ಆಡಿದರು, ಚೆನ್ನಾಗಿಯೂ ಆಡಿದರು; ಆದರೂ ಜನ ಅವರನ್ನು ಅಳೆದದ್ದು ಆ ಸಂಖ್ಯೆಯಿಂದಲೇ. ಆರಿಸಿದ್ದು ತಪ್ಪೋ, ಬೆಳೆಸಿದ ರೀತಿ ತಪ್ಪೋ? ಇದನ್ನು ಯಾವ ಪರೀಕ್ಷೆಯೂ ಹೇಳಲಾರದು. ಸಸಿ ಒಳ್ಳೆಯದಾದರೆ ಸಾಲದು, ನೆಲವೂ ನೀರೂ ಬೇಕು ಎಂಬುದು ರೈತನಿಗೆ ಗೊತ್ತು.

ಈ ವ್ಯವಸ್ಥೆಯಲ್ಲಿ ಇನ್ನೊಂದು ತೊಡಕಿದೆ. ಸೋತವರಿಗೆ ಬಹುಮಾನ ಎಂದ ಮೇಲೆ ಸೋಲುವ ಆಸೆ ಹುಟ್ಟದೆ ಇರುತ್ತದೆಯೆ? ಆಗಿನ ನಿಯಮದ ಪ್ರಕಾರ ಸತತ ಎರಡು ವರ್ಷ ಐದಕ್ಕಿಂತ ಕಡಿಮೆ ಪಂದ್ಯ ಗೆದ್ದ ತಂಡಕ್ಕೆ ಮೊದಲ ಸುತ್ತಿಗೂ ಮುನ್ನ ಹೆಚ್ಚುವರಿ ಆಯ್ಕೆ ಸಿಗುತ್ತಿತ್ತು. 2009ರಲ್ಲಿ ಮೆಲ್ಬರ್ನ್ ತಂಡಕ್ಕೆ ಹೀಗೆ ಮೊದಲ ಎರಡೂ ಆಯ್ಕೆಗಳು ದೊರೆತವು. ಮುಂದೆ ವಿಚಾರಣೆ ನಡೆಯಿತು. ಬೇಕೆಂದೇ ಸೋತರೆಂಬ ಆರೋಪ ಸಾಬೀತಾಗಲಿಲ್ಲ. ಆದರೂ 2013ರಲ್ಲಿ ಕ್ಲಬ್ಬಿಗೆ 5 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು, ಇಬ್ಬರು ಅಮಾನತಾದರು. ಹೆಚ್ಚುವರಿ ಆಯ್ಕೆ ತಾನಾಗಿ ಸಿಗುವ ನಿಯಮವನ್ನು ಅದಕ್ಕೂ ಮುನ್ನವೇ ತೆಗೆದುಹಾಕಲಾಗಿತ್ತು. ಮೆಲ್ಬರ್ನ್ 57 ವರ್ಷಗಳ ಬಳಿಕ 2021ರಲ್ಲಿ ಚಾಂಪಿಯನ್ ಆಯಿತು. 2009ರ ಆ ಎರಡು ಆಯ್ಕೆಗಳಿಂದ ಬಂದ ಇಬ್ಬರಲ್ಲಿ ಒಬ್ಬರೂ ಆ ತಂಡದಲ್ಲಿರಲಿಲ್ಲ.

ಹೆಣ್ಣುಮಕ್ಕಳಿಗೂ ಈ ಬಾಗಿಲು ಈಗ ತೆರೆದಿದೆ. ಮಹಿಳೆಯರ ಮೊದಲ ಡ್ರಾಫ್ಟ್ 2016ರಲ್ಲಿ ನಡೆದು, ಮರುವರ್ಷ ಅವರ ಲೀಗ್ ಆರಂಭವಾಯಿತು.

ಹಾಗಾದರೆ ಈ ಅಳತೆಗಳೆಲ್ಲ ವ್ಯರ್ಥವೆ? ಅಲ್ಲ. ಮುಂಚೆ ಬಂದ ಹೆಸರುಗಳಲ್ಲಿ ದೊಡ್ಡ ಆಟಗಾರರು ಬಹಳ ಮಂದಿ ಇದ್ದಾರೆ. ಎಲ್ಲೆಡೆಯ ಹುಡುಗರನ್ನೂ ಒಂದೇ ಅಳತೆಗೋಲಿನಿಂದ ನೋಡುವುದರಲ್ಲಿ ನ್ಯಾಯವೂ ಇದೆ. ಆದರೆ ಆ ಸಂಜೆ ಓದಿದ ಪಟ್ಟಿ ಒಂದು ಅಂದಾಜು ಮಾತ್ರ, ತೀರ್ಪಲ್ಲ. ಜಾಣ ಆಯ್ಕೆಗಾರರು ಅದನ್ನು ಬಲ್ಲರು. ಆದುದರಿಂದಲೇ 20 ಮೀಟರ್ ಓಟದ ಸಮಯವನ್ನು ಬರೆದುಕೊಂಡ ಮೇಲೂ, ಸೋಲುತ್ತಿರುವ ಪಂದ್ಯದ ಕೊನೆಯ ಹತ್ತು ನಿಮಿಷ ಈ ಹುಡುಗ ಹೇಗೆ ಓಡಿದ ಎಂದು ಅವರು ನೋಡುತ್ತಾರೆ.

ನೀವೂ ನಾಳೆ ಒಂದಲ್ಲ ಒಂದು ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಹುಡುಕುವಿರಿ. ಮೇಲೆ ಸಿಕ್ಕರೆ ಸಂತೋಷಪಡಿ, ಆದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಕೆಳಗೆ ಸಿಕ್ಕರೆ, 79ನೆಯವರಾಗಿ ಬಂದ ಆ ಹುಡುಗನನ್ನು ಒಮ್ಮೆ ನೆನೆಯಿರಿ. ಹೆಸರೇ ಇಲ್ಲದಿದ್ದರೆ, ಒಂದು ವರ್ಷ ಕಾದು ಮತ್ತೆ ಬಂದ ಸ್ಯಾಮ್ ಮಿಚೆಲ್ ಅವರನ್ನು ನೆನೆಯಿರಿ.