ಓದಿದ್ದು ಪ್ರಶ್ನೆಯಾಗಿ ವೈದ್ಯರ ಮುಂದೆ ಬರಲಿ

(ಎಡಪ್ಪಳ್ಳಿಯಲ್ಲಿ ನಡೆದ ಕನ್ನಡ ಜೈನ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಎಡಪ್ಪಳ್ಳಿಗೆ ನಮ್ಮವರನ್ನು ಕರೆತರುವ ಕಾರಣಗಳು ಎರಡು. ಒಂದು ಉದ್ಯೋಗ, ಇನ್ನೊಂದು ಚಿಕಿತ್ಸೆ. 1998ರಲ್ಲಿ ಇಲ್ಲಿಯ ಪೊಣೇಕ್ಕರದಲ್ಲಿ ಅಮೃತಾ ಆಸ್ಪತ್ರೆ ಆರಂಭವಾದ ಮೇಲೆ ಎಡಪ್ಪಳ್ಳಿಯ ಹೆಸರು ದೂರದೂರದ ರೋಗಿಗಳಿಗೂ ಪರಿಚಿತವಾಗಿದೆ. ಹೀಗೆ ಬಂದ ಕನ್ನಡ ಕುಟುಂಬಕ್ಕೆ ಕಷ್ಟ ಇಮ್ಮಡಿ. ವಾರ್ಡಿನ ಮಾತು ಮಲೆಯಾಳ, ಚೀಟಿಯ ಬರಹ ಇಂಗ್ಲಿಷ್, ನೋವು ಮಾತ್ರ ಕನ್ನಡ. ಇಂಥ ಸ್ಥಿತಿಯಲ್ಲಿ ಕೈಯಲ್ಲಿರುವ ಮೊಬೈಲು ನಮಗೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದೇ ನನ್ನ ಇಂದಿನ ವಿಷಯ. ನಾನು ವೈದ್ಯನಲ್ಲ, ರೋಗಿಯೊಬ್ಬರ ಮಗನಾಗಿ ಮಾತನಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರ ಹೃದಯದ ಕವಾಟ ಬದಲಿಸಬೇಕಾಯಿತು. ಶಸ್ತ್ರಚಿಕಿತ್ಸೆ ನಡೆದದ್ದು ಬೇರೊಂದು ಊರಿನಲ್ಲಿ. ಆಸ್ಪತ್ರೆಯ ಹೆಸರು ಬೇಡ, ಅಲ್ಲಿಯ ವೈದ್ಯರ ಕೈಗುಣದ ಬಗ್ಗೆ ನನಗೆ ದೂರಿಲ್ಲ. ಆದರೆ ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಗಳನ್ನು ತಂದು, ಸಹಿ ಮಾಡಿ ಎಂದರು. ಯಾವ ಕವಾಟವೆಂದು ಕೇಳಿದೆ. ಒಳ್ಳೆಯದನ್ನೇ ಹಾಕುತ್ತಾರೆ ಎಂಬ ಉತ್ತರ ಬಂತು.

ಆ ರಾತ್ರಿ ನನ್ನ ತಂಗಿ ಮೊಬೈಲಿನಲ್ಲಿ ಓದುತ್ತಾ ಕುಳಿತಳು. ಕವಾಟಗಳಲ್ಲಿ ಮುಖ್ಯವಾಗಿ ಎರಡು ಬಗೆ ಎಂದು ತಿಳಿಯಿತು. ಒಂದು ಯಾಂತ್ರಿಕ ಕವಾಟ. ಅದು ಬಹುಕಾಲ ಬಾಳುತ್ತದೆ. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವನವಿಡೀ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳಬೇಕು, ಐಎನ್‌ಆರ್ ಎಂಬ ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಕು. ಇನ್ನೊಂದು ಹಂದಿಯ ಕವಾಟದಿಂದ ಅಥವಾ ದನದ ಹೃದಯದ ಹೊರಪೊರೆಯಿಂದ ಮಾಡಿದ್ದು. ಅದಕ್ಕೆ ಸಾಮಾನ್ಯವಾಗಿ ಆಜೀವ ವಾರ್ಫರಿನ್ ಬೇಡ. ಆದರೆ ವರ್ಷಗಳು ಕಳೆದಂತೆ ಅದು ಸವೆಯುತ್ತದೆ, ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕಿರಿಯರಿಗೆ ಸಾಮಾನ್ಯವಾಗಿ ಮೊದಲನೆಯದನ್ನೂ ವೃದ್ಧರಿಗೆ ಎರಡನೆಯದನ್ನೂ ಸೂಚಿಸುತ್ತಾರೆ. ತಂದೆಯವರ ವಯಸ್ಸು ಇವೆರಡರ ನಡುವಿನದು.

ಬಾಲ್ಯದಿಂದ ಅಹಿಂಸಾವ್ರತವನ್ನು ಪಾಲಿಸಿಕೊಂಡು ಬಂದ ಮನುಷ್ಯ ತನ್ನ ಎದೆಯೊಳಗೆ ಏನು ಸೇರಲಿದೆ ಎಂಬುದನ್ನು ಅರಿಯದೆ ಸಹಿ ಹಾಕುವುದರಲ್ಲಿದ್ದರು. ಬೆಳಗ್ಗೆ ನಾವು ನಾಲ್ಕು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಶಸ್ತ್ರವೈದ್ಯರನ್ನು ಕಂಡೆವು. ಅವರು ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಕುಳಿತು, ಎರಡರ ಗುಣದೋಷಗಳನ್ನೂ ವಿವರಿಸಿದರು. ಶಸ್ತ್ರಚಿಕಿತ್ಸೆಯನ್ನು ಒಂದು ದಿನ ಮುಂದೂಡಿದರು. ತಂದೆಯವರು ಯಾಂತ್ರಿಕ ಕವಾಟವನ್ನು ಆರಿಸಿಕೊಂಡರು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಇಂಥ ಕವಾಟವನ್ನು ನಮ್ಮ ದೇಶದಲ್ಲಿಯೇ ರೂಪಿಸಿದೆ ಎಂಬುದೂ ನಮಗೆ ಅಂದೇ ತಿಳಿದದ್ದು.

ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಹೃದಯವನ್ನು ನಿಲ್ಲಿಸಿ ಯಂತ್ರದ ಮೂಲಕ ರಕ್ತ ಹರಿಸುವಾಗ ಹೆಪಾರಿನ್ ಎಂಬ ಔಷಧ ಕೊಡುತ್ತಾರೆ. ಅದನ್ನು ತಯಾರಿಸುವುದು ಹೆಚ್ಚಾಗಿ ಹಂದಿಯ ಕರುಳಿನ ಒಳಪೊರೆಯಿಂದ. ಅದಕ್ಕೂ ಬದಲಿ ಇದೆಯೇ ಎಂದು ಕೇಳಿದೆವು. ಈ ಕೆಲಸಕ್ಕೆ ಅಷ್ಟೇ ಭರವಸೆಯ ಬದಲಿ ಔಷಧ ತಮ್ಮಲ್ಲಿಲ್ಲ ಎಂದು ವೈದ್ಯರು ನೇರವಾಗಿ ಹೇಳಿದರು. ತಂದೆಯವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತರು. ಬಳಿಕ, "ತಿಳಿದು ಒಪ್ಪುತ್ತೇನೆ, ಪ್ರಾಯಶ್ಚಿತ್ತ ನನ್ನದು" ಎಂದು ಸಹಿ ಹಾಕಿದರು. ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾನಿಲ್ಲಿ ನಿಂತಿಲ್ಲ. ಬೇರೊಬ್ಬರು ಬೇರೆ ರೀತಿಯಲ್ಲಿ ನಿರ್ಧರಿಸಬಹುದು. ತೀರ್ಮಾನ ಅವರದಾಗಿತ್ತು ಎಂಬುದಷ್ಟೇ ನನಗೆ ಮುಖ್ಯ.

ಬಂಧುಗಳೇ, ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಾನು ಏಕಾಂತವಾದಿಯಾಗುತ್ತೇನೆ. ಎಂಟು ತಿಂಗಳ ಬಳಿಕ ಅದೇ ಮೊಬೈಲಿನಲ್ಲಿ ಒಂದು ವಿಡಿಯೊ ಬಂತು. ವಾರ್ಫರಿನ್ ಇಲಿಪಾಷಾಣ, ಅದನ್ನು ಬಿಟ್ಟು ಈ ಕಷಾಯ ಕುಡಿಯಿರಿ ಎಂದು ಅದರಲ್ಲಿ ಒಬ್ಬರು ಬೋಧಿಸುತ್ತಿದ್ದರು. ಆ ಔಷಧವನ್ನು ಇಲಿ ಕೊಲ್ಲಲು ಬಳಸಿದ್ದುಂಟು. ಅಷ್ಟು ಮಾತ್ರ ನಿಜ. ಸರಿಯಾದ ಪ್ರಮಾಣದಲ್ಲಿ ಅದೇ ಪ್ರಾಣರಕ್ಷಕ ಎಂಬುದನ್ನು ವಿಡಿಯೊ ಹೇಳಲಿಲ್ಲ. ತಂದೆಯವರು ಯಾರಿಗೂ ತಿಳಿಸದೆ ಐದು ದಿನ ಮಾತ್ರೆ ಬಿಟ್ಟರು. ಐಎನ್‌ಆರ್ 2.5ರಿಂದ 3.5ರೊಳಗೆ ಇರಬೇಕೆಂದು ವೈದ್ಯರು ಬರೆದುಕೊಟ್ಟಿದ್ದರು, ಪರೀಕ್ಷೆಯಲ್ಲಿ 1.3 ಬಂತು. ಪ್ರತಿ ಸಲದ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ ನನ್ನ ಹೆಂಡತಿ ಅದನ್ನು ಗಮನಿಸಿ ಅಂದೇ ಆಸ್ಪತ್ರೆಗೆ ಕರೆದೊಯ್ದಳು. ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಬಹುದಾಗಿದ್ದ ದಿನಗಳವು.

ಮೊದಲ ಸಲ ಉಳಿಸಿದ್ದೂ ಎರಡನೆಯ ಸಲ ಕೊಲ್ಲಲು ಬಂದದ್ದೂ ಒಂದೇ ಮೊಬೈಲು. ಹಾಗಾದರೆ ವ್ಯತ್ಯಾಸವೆಲ್ಲಿ? ಮೊದಲ ಸಲ ಓದಿದ್ದು ಪ್ರಶ್ನೆಯಾಗಿ ವೈದ್ಯರ ಮುಂದೆ ಹೋಯಿತು. ಎರಡನೆಯ ಸಲ ಓದಿದ್ದು ವೈದ್ಯರಿಗೆ ಗೊತ್ತಾಗದಂತೆ ಚಿಕಿತ್ಸೆಯೇ ಆಗಿಬಿಟ್ಟಿತು. ನಾನು ಹೇಳಬೇಕೆಂದಿರುವುದು ಇಷ್ಟೇ.

ಅಮೆರಿಕದ ಡೇವ್ ಡಿ ಬ್ರಾಂಕಾರ್ಟ್ ಎಂಬವರಿಗೆ 2007ರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ದೇಹದ ಇತರ ಭಾಗಗಳಿಗೂ ಹರಡಿತ್ತು. ಅದೇ ರೋಗವುಳ್ಳ ಇತರರನ್ನು ಇಂಟರ್‌ನೆಟ್ಟಿನಲ್ಲಿ ಸಂಪರ್ಕಿಸಿ ಎಂದು ಸೂಚಿಸಿದವರು ಅವರ ವೈದ್ಯರೇ. ಇಂಟರ್‌ಲ್ಯೂಕಿನ್ ಎಂಬ ಚಿಕಿತ್ಸೆಯ ವಿಚಾರವನ್ನು ಆ ರೋಗಿಗಳು ತಿಳಿಸಿದರು. ಚಿಕಿತ್ಸೆ ಕೊಟ್ಟವರು ವೈದ್ಯರು. ಅವರು ಬದುಕಿದರು, ರೋಗಿಗಳಿಗೂ ಅವಕಾಶ ಕೊಡಿ ಎಂದು ಲೋಕಕ್ಕೆ ಹೇಳುತ್ತಾ ಬಂದರು. ರೋಗಿಯ ಅರಿವು ಮತ್ತು ವೈದ್ಯರ ವಿದ್ಯೆ ಅಲ್ಲಿ ಕೈಕೂಡಿಸಿದವು.

ನಮ್ಮ ದೇಶದ ಕಾನೂನೂ ನಮ್ಮ ಜೊತೆಗಿದೆ. ವೈದ್ಯರ ನಡವಳಿಕೆಯ ಬಗ್ಗೆ 2002ರಲ್ಲಿ ಬಂದ ನಿಯಮಗಳ ಪ್ರಕಾರ, ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕು. ಚಿಕಿತ್ಸೆಯ ಸ್ವರೂಪ, ಅಪಾಯ, ಬದಲಿ ಮಾರ್ಗಗಳನ್ನು ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಧುಮೇಹ, ಹೃದ್ರೋಗ ಮುಂತಾದವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಆದರೆ ತಿಳಿಯದ ಭಾಷೆಯಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ? ಒಪ್ಪಿಗೆ ಪತ್ರವೂ ಬಿಡುಗಡೆಯ ಚೀಟಿಯೂ ರೋಗಿಯ ಭಾಷೆಯಲ್ಲಿರಬೇಕೆಂದು ಎರಡೂ ರಾಜ್ಯಗಳ ಸರ್ಕಾರಗಳನ್ನು ನಾವು ಒತ್ತಾಯಿಸಬೇಕು. ವೋಟು ಕೇಳಲು ನಮ್ಮ ಭಾಷೆಯಲ್ಲಿ ಬರುವವರು ಇದನ್ನೂ ನಮ್ಮ ಭಾಷೆಯಲ್ಲಿ ಕೊಡಲಿ.

ಇದು ಹೊಸ ಬೇಡಿಕೆಯಲ್ಲ. ಪೂಜ್ಯಪಾದರ ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯದ ಖಗೇಂದ್ರಮಣಿದರ್ಪಣವನ್ನು ಕನ್ನಡದಲ್ಲೇ ಬರೆದ. ಇಬ್ಬರೂ ಜೈನರು. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ನಾವು ಔಷಧಜ್ಞಾನವನ್ನು ಮಾತ್ರ ಪರಭಾಷೆಗೆ ಬಿಟ್ಟುಕೊಟ್ಟು ಕುಳಿತಿದ್ದೇವೆ.

ನಾವೇ ಮಾಡಬಹುದಾದ ಕೆಲವು ಕೆಲಸಗಳಿವೆ. ಮೊದಲನೆಯದು, ಪ್ರತಿ ಮನೆಯಲ್ಲಿಯೂ ಒಂದು ಕಡತ. ಅದರಲ್ಲಿ ಚೀಟಿಗಳು, ಪರೀಕ್ಷೆಯ ಫಲಿತಾಂಶಗಳು ಮತ್ತು ಔಷಧದ ಮೂಲ ಹೆಸರು ಇರಲಿ. ಬ್ರ್ಯಾಂಡ್ ಹೆಸರು ಬೇರೆಯಾದರೂ ಒಳಗಿನ ಮದ್ದು ಒಂದೇ ಆಗಿರಬಹುದು.

ಎರಡನೆಯದು, ನಮ್ಮ ಆಚರಣೆಯನ್ನು ವೈದ್ಯರಿಗೆ ಹೇಳುವುದು. ಸೂರ್ಯಾಸ್ತದ ಬಳಿಕ ಉಣ್ಣದವರಿಗೆ ಊಟದ ನಂತರ ರಾತ್ರಿ ಒಂಬತ್ತಕ್ಕೆ ಎಂದು ಬರೆದ ಸಕ್ಕರೆ ಕಾಯಿಲೆಯ ಮಾತ್ರೆ ಅಪಾಯ ತಂದೀತು. ದಶಲಕ್ಷಣ ಪರ್ವದ ಉಪವಾಸವೂ ಹಾಗೆಯೇ. ವೇಳೆಯನ್ನೂ ಪ್ರಮಾಣವನ್ನೂ ಅವರು ಬದಲಿಸಿಕೊಡಬಲ್ಲರು, ಆದರೆ ಹೇಳಿದರೆ ಮಾತ್ರ. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಾಟಿನ್. ಅದನ್ನು ಮನೆಯಲ್ಲಿ ಒಡೆದು ಪುಡಿ ನುಂಗಬೇಡಿ, ಮಾತ್ರೆಯ ರೂಪವಿದೆಯೇ ಎಂದು ಕೇಳಿ.

ಮೂರನೆಯದು, ಓದುವುದಾದರೆ ಹೊಣೆ ಹೊರುವವರದನ್ನು ಓದಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್ ಇದೆ, ಸರ್ಕಾರದ ಇ-ಸಂಜೀವನಿಯಲ್ಲಿ ಮನೆಯಿಂದಲೇ ವೈದ್ಯರನ್ನು ಕಾಣಬಹುದು. ಮದ್ದು ಮಾರುವವರೇ ಪಾಠ ಹೇಳುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ.

ಕೊನೆಯದು, ರೋಗಿಯಿಂದ ರೋಗವನ್ನು ಮುಚ್ಚಿಡಬೇಡಿ. ನಮ್ಮ ಮನೆಗಳಲ್ಲಿ ತಾಯಂದಿರ ಕಾಯಿಲೆಯನ್ನು ಗಂಡಸರು ಹೊರಗೆ ನಿಂತು ಮಾತನಾಡಿ ಮುಗಿಸುತ್ತಾರೆ. ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂದು ಮನೋರೋಗವನ್ನು ಅಡಗಿಸುತ್ತಾರೆ. ದೇಹ ಯಾರದೋ ಪ್ರಶ್ನೆಯೂ ಅವರದೇ.

ತಂದೆಯವರು ಈಗ ಕ್ಷೇಮವಾಗಿದ್ದಾರೆ. ವಾರ್ಫರಿನ್ನನ್ನು ವೈದ್ಯರೊಡನೆ ಮಾತನಾಡಿ ಸೂರ್ಯಾಸ್ತಕ್ಕೆ ಮುಂಚಿನ ಹೊತ್ತಿಗೆ ಗೊತ್ತುಮಾಡಿಕೊಂಡಿದ್ದಾರೆ. ನೋಟ್‌ಬುಕ್ಕನ್ನು ಈಗ ಅವರೇ ಬರೆಯುತ್ತಾರೆ. ಕಳೆದ ತಿಂಗಳು ಅವರಿಗೆ ಮತ್ತೊಂದು ವಿಡಿಯೊ ಬಂದಿತ್ತು. ಅದರ ವಿಷಯವನ್ನು ಮುಂದಿನ ಭೇಟಿಯ ಪ್ರಶ್ನೆಗಳ ಪಟ್ಟಿಯಲ್ಲಿ ಬರೆದು, ಮಾತ್ರೆ ನುಂಗಿ ಸಾಮಾಯಿಕಕ್ಕೆ ಕುಳಿತರು.