ಯಂತ್ರದ ನಕ್ಷೆಯೂ ಸಹ್ಯ ವ್ಯತ್ಯಾಸವೂ

(ಬೆಳುವಾಯಿಯಲ್ಲಿ ಉಪಾಧ್ಯಾಯರ ಕೂಟವೊಂದರ ಮುಂದೆ ಮಾಡಿದ ಭಾಷಣ)



ಯಂತ್ರದ ಬಿಡಿಭಾಗಗಳ ನಕ್ಷೆಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿದಾಗ, ನನ್ನ ದೃಷ್ಟಿ ಮೊದಲು ಹೋದುದು ಈ ಶಾಲೆಯ ಮಾಡಿನ ಕಡೆಗೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ. ಒಂದು ಹಂಚಿನ ಏಣು ಮತ್ತೊಂದರ ತೋಡಿನಲ್ಲಿ ಕೂರದಿದ್ದರೆ ಆಟಿಯ ಮಳೆಯು ಎಲ್ಲಿಗೆ ಇಳಿಯುವುದೆಂಬುದನ್ನು ತಮಗೆ ನಾನು ಹೇಳಬೇಕಾದುದಿಲ್ಲ. ಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುವುದರಿಂದ ಅಚ್ಚನ್ನು ಹಂಚಿಗಿಂತ ದೊಡ್ಡದಾಗಿ ಮಾಡುವರು. ಆದರೂ ಎಲ್ಲ ಹಂಚುಗಳೂ ಒಂದೇ ಸಮನೆ ಕುಗ್ಗವು. ಈ ಹೆಚ್ಚುಕಡಿಮೆಗೆ ಮೊದಲೇ ಎಲ್ಲೆ ಕಟ್ಟಿ ನಕ್ಷೆಯಲ್ಲಿ ಬರೆಯುವುದನ್ನೇ ಟಾಲರೆನ್ಸ್ ಎನ್ನುವರು. ನಾನು ಅದನ್ನು ಸಹ್ಯ ವ್ಯತ್ಯಾಸವೆಂದು ಕರೆಯುತ್ತೇನೆ. ಇದಕ್ಕಿಂತ ಒಳ್ಳೆಯ ಮಾತು ಹೊಳೆದವರು ದಯವಿಟ್ಟು ತಿಳಿಸಬೇಕು.

ನೆರೆಯ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬ ಇನ್ನೊಂದರಂತಿಲ್ಲವೆಂದು ನಾವು ಹೆಮ್ಮೆಪಡುತ್ತೇವೆ. ಶಿಲ್ಪಕ್ಕೆ ಅದು ಭೂಷಣ. ಯಂತ್ರಕ್ಕೆ ಅದೇ ಕೇಡು.

ನನ್ನದೇ ತಪ್ಪೊಂದನ್ನು ಹೇಳುವೆನು. ಅಡಿಕೆ ಸುಲಿಯುವ ಯಂತ್ರವೊಂದರ ನಕ್ಷೆಯಲ್ಲಿ ಶಾಫ್ಟಿಗೆ 25 ಮಿಲಿಮೀಟರ್, ಅದು ತಿರುಗುವ ತೂತಿಗೂ 25 ಮಿಲಿಮೀಟರ್ ಎಂದಷ್ಟೇ ಬರೆದಿದ್ದೆನು. ಕೆಲಸಗಾರನು ಜಾಣ, ಶಾಫ್ಟನ್ನು ಅರದಿಂದ ಉಜ್ಜಿ ಕೂಡಿಸಿದನು. ಯಂತ್ರ ಓಡಿತು, ನಾನು ಬೀಗಿದೆನು. ಎರಡು ವರ್ಷಗಳ ಮೇಲೆ ಶಾಫ್ಟು ಸವೆಯಲು, ಅದೇ ನಕ್ಷೆಯಿಂದ ಬೇರೊಬ್ಬರು ಮಾಡಿಕೊಟ್ಟುದು ತೂತಿನೊಳಗೆ ಹೋಗಲೇ ಇಲ್ಲ. ಉಜ್ಜಿದ ಲೆಕ್ಕವು ಕಾಗದದಲ್ಲಿರಲಿಲ್ಲ, ಕೈಯಲ್ಲಿತ್ತು. ಆ ಕೈಯವನು ಮುಂಬಯಿಗೆ ಹೋಗಿದ್ದನು. ಒಣಗಿದ ಅಡಿಕೆ ಒಂಬತ್ತು ದಿನ ಅಂಗಳದಲ್ಲಿಯೇ ಉಳಿಯಿತು.

ಬರೆಯತಕ್ಕುದಾಗಿದ್ದುದು ಹೀಗೆ: ತೂತು 25.000ರಿಂದ 25.021ರ ವರೆಗೆ, ಶಾಫ್ಟು 24.980ರಿಂದ 24.993ರ ವರೆಗೆ. ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ಇದಕ್ಕೆ ಎಚ್ 7, ಜಿ 6 ಎಂದು ಸಂಕೇತ. ಆಗ ಬಿಡುವು 0.007ಕ್ಕೆ ಕಡಿಮೆಯಾಗದು, 0.041ನ್ನು ಮೀರದು, ಯಾರು ಮಾಡಿದ ಶಾಫ್ಟು ಯಾರು ಕೊರೆದ ತೂತಿಗೂ ಹೊಂದುವುದು. ಅಡಿಕೆಯ ಯಂತ್ರಕ್ಕೆ ಇಷ್ಟು ನಾಜೂಕು ಏತಕ್ಕೆಂದು ಕೇಳುವವರಿದ್ದರೆ ನಾನು ಒಪ್ಪಿಕೊಳ್ಳುವೆನು. ಎಲ್ಲೆ ಕಿರಿದಾದಂತೆ ವೆಚ್ಚ ಹಿರಿದಾಗುವುದು. ಹೊಸದಾಗಿ ಕಲಿತವರು ಬಣ್ಣ ಬಳಿಯುವ ಮೈಗೂ ಸೂಕ್ಷ್ಮ ಎಲ್ಲೆಯನ್ನು ಬರೆದು ಧಣಿಯ ಹಣ ಕಳೆಯುವರು.

ಇನ್ನೊಂದು ಲೆಕ್ಕವನ್ನು ಮಕ್ಕಳಿಗೆ ಕರಿಹಲಗೆಯ ಮೇಲೆಯೇ ತೋರಿಸಬಹುದು. ಸಾಲಾಗಿ ಆರು ತೂತುಗಳು. ಒಂದರಿಂದ ಮುಂದಿನದಕ್ಕೆ ಅಳತೆ ಕೊಡುತ್ತ ಹೋಗಿ, ಅಂತರವೊಂದಕ್ಕೆ 0.2 ಮಿಲಿಮೀಟರ್ ಹೆಚ್ಚುಕಡಿಮೆ ಬಿಟ್ಟರೆ, ಐದು ಅಂತರ ಕಳೆದು ಕಡೆಯ ತೂತು ಒಂದು ಮಿಲಿಮೀಟರಿನಷ್ಟು ಸರಿದಿರಬಹುದು. ಎಲ್ಲವನ್ನೂ ಮೊದಲನೆಯದರಿಂದಲೇ ಅಳೆದು ಬರೆದರೆ ಕಡೆಯದೂ 0.2ರೊಳಗೆ ನಿಲ್ಲುವುದು.

ನಕ್ಷೆಯ ಅಳತೆಗಳು 20 ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ಸಲ್ಲತಕ್ಕವು. ನಮ್ಮೂರ ಮಧ್ಯಾಹ್ನ 32 ಡಿಗ್ರಿಯಿದ್ದರೆ, 100 ಮಿಲಿಮೀಟರ್ ಉದ್ದದ ಉಕ್ಕು ಸುಮಾರು 0.014 ಬೆಳೆದಿರುವುದು. ಅಳೆಯುವ ಉಕ್ಕಿನ ಮಾಪಕವೂ ಅದೇ ಬಿಸಿಯಲ್ಲಿದ್ದರೆ ಬಾಧಕವಿಲ್ಲ. ಲೇತಿನಿಂದ ಈಗತಾನೆ ಇಳಿದ ಬಿಸಿ ಶಾಫ್ಟನ್ನು ಅಳೆದವನು ಮೋಸಹೋಗುವನು.

ಮುಂದಿನ ಶನಿವಾರ ವರ್ನಿಯರನ್ನು ತರುವೆನು. ಜಗಲಿಯಲ್ಲಿ ಪೇರಿಸಿಟ್ಟ ಹಳೆಯ ಹಂಚುಗಳಲ್ಲಿ ಹತ್ತನ್ನು ತೊಳೆಯಿಸಿಟ್ಟಿರಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ವಿನಂತಿ. ಅವುಗಳ ಏಣು ತೋಡುಗಳನ್ನು ಮಕ್ಕಳಿಂದಲೇ ಅಳೆಯಿಸಿ ನಕ್ಷೆ ಬರೆಯಿಸೋಣ.